ಹೌದಪ್ಪನ ಬೆನ್ನೆಲುಬು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕೆಂಪು ಶಾಯಿಯ ಒಂದು ಸಾಲು. ಸಂಜೆ ಕಾಲೇಜಿನ ಮೇಡಂ ಪ್ರಬಂಧದ ಹಾಳೆಗಳನ್ನು ವಾಪಸು ಕೊಟ್ಟಾಗ ಅವನ ಹಾಳೆಯ ನೆತ್ತಿಯ ಮೇಲೆ ಹೀಗೆ ಬರೆದಿದ್ದರು: "ಇದರಲ್ಲಿ ಎಲ್ಲವೂ ಇದೆ, ನೀವು ಮಾತ್ರ ಇಲ್ಲ."

ಅವನು ಎರಡೆರಡು ಸಲ ಓದಿದ. ಹೆಸರು ಬರೆಯುವುದನ್ನು ಮರೆತೆನೇನೋ ಎಂದು ಮೇಲೆ ಕೆಳಗೆ ಹುಡುಕಿದ. ಹೆಸರು ಇತ್ತು. ತರಗತಿಯ ಸಂಖ್ಯೆಯೂ ಇತ್ತು.

ಈ ಮನುಷ್ಯ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ನಲವತ್ತು ದಾಟಿದೆ. ಕೆಲಸ ದೂರು ಕೌಂಟರಿನಲ್ಲಿ. ದೂರು ತಂದವರ ಜೊತೆ ವಾದಕ್ಕಿಳಿಯಕೂಡದು ಎಂಬುದು ಆ ಕಚೇರಿಯ ಕಟ್ಟಪ್ಪಣೆ. ಯಾರು ಬಂದು ಏನೇ ಕೂಗಾಡಲಿ, "ಹೌದು ಸಾರ್, ನೀವು ಹೇಳೋದು ಸರಿ" ಎಂದು ಬರೆದುಕೊಳ್ಳಬೇಕು. ನಲ್ಲಿಯಲ್ಲಿ ನೀರು ಬರಲಿ ಬಿಡಲಿ, ಬಂದವರ ಸಿಟ್ಟು ಇಳಿಯುತ್ತಿತ್ತು. ವರ್ಷಗಟ್ಟಲೆ ಇದೇ ಕೆಲಸ ಮಾಡಿ ಮಾಡಿ ಅವನ ಬಾಯಿ ಒಂದೇ ಕಡೆಗೆ ತಿರುಗುವ ನಲ್ಲಿಯಂತಾಗಿತ್ತು. ಒಮ್ಮೆ ಬಸ್ಸಿನಲ್ಲಿ ಇಬ್ಬರು ಸೀಟಿಗಾಗಿ ಕಿತ್ತಾಡುತ್ತಿದ್ದಾಗ ಇಬ್ಬರಿಗೂ "ಹೌದು" ಎಂದು, ಇಬ್ಬರಿಂದಲೂ ಬೈಸಿಕೊಂಡು, ತಾನು ಕೂತಿದ್ದ ಸೀಟನ್ನೂ ಬಿಟ್ಟುಕೊಟ್ಟು ಬಂದಿದ್ದ. ಕಚೇರಿಯವರು ಅವನಿಗೆ ಹೌದಪ್ಪ ಎಂದು ಹೆಸರಿಟ್ಟರು. ಹೆಸರು ಹೇಗಿದೆ ಎಂದು ಕೇಳಿದ್ದಕ್ಕೆ "ಹೌದು, ಚೆನ್ನಾಗಿದೆ" ಎಂದನಂತೆ.

ಪದವಿ ಇಲ್ಲದಿದ್ದರೆ ಕೊನೆಯವರೆಗೂ ಕೌಂಟರೇ ಗತಿ ಎಂದು ಸಾಹೇಬರು ಹೇಳಿದ್ದರಿಂದ ಅದಕ್ಕೂ ಹೌದೆಂದು ಸಂಜೆ ಕಾಲೇಜು ಸೇರಿದ್ದ. ಮೊದಲ ವರ್ಷ ದಾಟಲು ಒಂದು ಪ್ರಬಂಧ ಬರೆಯಬೇಕಿತ್ತು. ವಿಷಯ ಏನಾದರೂ ಆಗಬಹುದು, ಆದರೆ ಅವರವರ ಸುತ್ತಮುತ್ತ ಇರುವಂಥದ್ದಾಗಬೇಕು. ಅವನು ತಾನಿದ್ದ ಕಟ್ಟಡದ ಲಿಫ್ಟನ್ನು ಆರಿಸಿಕೊಂಡ. ಲಿಫ್ಟು ಮರುಮಾತಾಡುವುದಿಲ್ಲ ಎಂಬುದೇ ಅದಕ್ಕೆ ಕಾರಣ ಇರಬೇಕು.

"ನೋಡಿ, ಪ್ರಬಂಧ ಅಂದ್ರೆ ಸಿಕ್ಕಿದ್ದೆಲ್ಲ ತುರುಕಿದ ಚೀಲ ಅಲ್ಲ" ಎಂದು ಮೇಡಂ ತಿಳಿಸಿ ಹೇಳಿದ್ದರು. "ಅದಕ್ಕೆ ಒಂದು ವಾಕ್ಯ ಬೇಕು. ಬೆನ್ನೆಲುಬಿನ ಥರ. ಇದು ನನ್ನ ನಿಲುವು ಅಂತ ಎದೆ ತಟ್ಟಿ ಹೇಳೋ ವಾಕ್ಯ. ಮಿಕ್ಕಿದ್ದೆಲ್ಲ ಅದಕ್ಕೆ ಅಂಟಿಕೊಂಡು ನಿಲ್ಲಬೇಕು. ಆ ವಾಕ್ಯ ಒಪ್ಪದೇ ಇರೋರು ಒಬ್ಬರಾದ್ರೂ ಇರಬೇಕು."

"ಒಪ್ಪದೇ ಇರೋರಾ?" ಹೌದಪ್ಪನಿಗೆ ಗಾಬರಿ. "ಎಲ್ಲರೂ ಒಪ್ಪಿದ್ರೆ ಒಳ್ಳೇದಲ್ವಾ ಮೇಡಂ?"

"ಎಲ್ಲರೂ ತಲೆ ಆಡಿಸೋ ಮಾತು ಹೇಳೋಕೆ ಪ್ರಬಂಧ ಯಾಕೆ ಬೇಕು?"

"ಹೌದು ಮೇಡಂ."

ಮೊದಲು ಅವನು ಬರೆದದ್ದು: "ಲಿಫ್ಟ್ ಮನುಷ್ಯನಿಗೆ ಬಹಳ ಉಪಯುಕ್ತವಾದ ಸಾಧನ." ಇಲ್ಲ ಅನ್ನೋರು ಯಾರಿದ್ದಾರೆ ಎಂದು ಮೇಡಂ ಕೇಳಿದರು. ಆಮೇಲೆ ಬರೆದದ್ದು: "ಲಿಫ್ಟಿನಿಂದ ಅನುಕೂಲವೂ ಉಂಟು, ಅನಾನುಕೂಲವೂ ಉಂಟು." ಇದು ನಿಲುವಲ್ಲ, ತೂಗುಯ್ಯಾಲೆ ಎಂದರು ಮೇಡಂ.

ಬರೆದರೆ ಮುಗಿಯಿತೆಂದಲ್ಲ. ತರಗತಿಯ ಮುಂದೆ ನಿಂತು ಆ ವಾಕ್ಯವನ್ನು ಓದಬೇಕು. ಮೇಡಂ ಎದುರುವಾದ ಹೂಡುತ್ತಾರೆ. ಗಂಟೆ ಹೊಡೆಯುವವರೆಗೂ ಅವರು ಸಿಹಿಯಾಗಿ ಹೇಳಲಿ, ಖಾರವಾಗಿ ಹೇಳಲಿ, ಬಗ್ಗಕೂಡದು. ಸಹಪಾಠಿಯಾಗಿದ್ದ ಬ್ಯಾಂಕಿನ ಕಾವಲುಗಾರ ಆಜಾನುಬಾಹು. ಖಾರಕ್ಕೆಲ್ಲ ಜಗ್ಗದೆ ನಿಂತಿದ್ದ. ಕೊನೆಯಲ್ಲಿ ಮೇಡಂ ನಕ್ಕು, "ನೀವು ಹೇಳೋದು ಚೆನ್ನಾಗಿದೆ. ಆದ್ರೂ ಒಂಚೂರು ಮೆತ್ತಗೆ ಹೇಳಬಹುದಿತ್ತು ಅಲ್ವಾ?" ಎಂದರು. "ಆಗಲಿ ಮೇಡಂ" ಎಂದ. ಅಲ್ಲಿಗೆ ಅವನ ಕತೆ ಮುಗಿಯಿತು. ನಮ್ಮ ಹೌದಪ್ಪನ ಮೇಲೆ ಅಷ್ಟೆಲ್ಲ ಪಟ್ಟು ಹಾಕಬೇಕಾಗಿರಲಿಲ್ಲ. ಅವನು ವಾಕ್ಯ ಓದಿದ ಕೂಡಲೇ ಮೇಡಂ ಹುಬ್ಬೇರಿಸಿ "ಹೌದಾ?" ಎಂದಿದ್ದರು, ಅಷ್ಟೆ. "ಇಲ್ಲ ಬಿಡಿ ಮೇಡಂ" ಎಂದು ಬೆಂಚಿಗೆ ಹೋಗಿ ಕೂತಿದ್ದ.

ಈಗ ಉಳಿದದ್ದು ಇವತ್ತಿನ ಸಂಜೆ ಒಂದೇ. ಇವತ್ತು ಸೋತರೆ ಮೊದಲ ವರ್ಷವನ್ನು ಮತ್ತೆ ಮೊದಲಿನಿಂದ ಓದಬೇಕು. ಓದಬಹುದಿತ್ತು, ಅವನಿಗೇನೂ ಅವಸರವಿರಲಿಲ್ಲ. ಆದರೆ ಹಗಲು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ ಮಗಳು ಮುಂದಿನ ವರ್ಷ ಅದೇ ಸಂಜೆ ಕಾಲೇಜಿಗೆ, ಅದೇ ಮೊದಲ ವರ್ಷಕ್ಕೆ ಹೆಸರು ಕೊಟ್ಟು ಬಂದಿದ್ದಳು.

"ಅಪ್ಪಾ, ಯೋಚನೆ ಮಾಡಿ ನೋಡು" ಎಂದಳು ಮಗಳು ಬೆಳಿಗ್ಗೆ ತಿಂಡಿಯ ಹೊತ್ತಿಗೆ. "ಹಾಜರಿ ಕರೀತಾರೆ. ನಿನ್ನ ಹೆಸರು, ಆಮೇಲೆ ನನ್ನ ಹೆಸರು. ನಾನು ಉತ್ತರ ತಪ್ಪು ಹೇಳಿದ್ರೆ ನೀನು ನೋಡ್ತೀಯ, ನೀನು ತಪ್ಪು ಹೇಳಿದ್ರೆ ನಾನು ನೋಡ್ಬೇಕು. ನನ್ನ ಸ್ನೇಹಿತೆಯರು ನಿನ್ನ ಅಂಕಲ್ ಅಂತಾರಾ, ಏನಂತಾರೆ?"

"ಹೌದಮ್ಮ" ಎಂದ. ಅವನ ಮುಖ ಬಾಡಿತು. ಮಗಳ ಮುಂದೆ ಬೆಂಚಿನಲ್ಲಿ ಎದ್ದು ನಿಂತು ತಡವರಿಸುವುದನ್ನು ನೆನೆಯಲೂ ಅವನಿಗೆ ಇಷ್ಟವಿರಲಿಲ್ಲ. ಅವಳ ಕಣ್ಣಿಗೆ ಅವನು ಇನ್ನೂ ತಿಳಿದವನು. ಹಾಗೆಯೇ ಉಳಿಯಬೇಕೆಂದು ಅವನ ಆಸೆ.

"ಅವರಿಗೆ ಇಲ್ಲ ಅನ್ನೋಕೆ ಬರಲ್ಲ ಕಣೇ" ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. "ಮದುವೆ ಮಾತುಕತೆಗೆ ಬಂದಾಗ ನಮ್ಮಪ್ಪ ಒಪ್ಪಿಗೇನಾ ಅಂತ ಕೇಳಿದ್ರು, ಇವರು ಹೌದು ಅಂದ್ರು. ಆಮೇಲೆ ನನ್ನ ಮುಖ ನೋಡಿದ್ದು."

"ಇವತ್ತು ಅಭ್ಯಾಸ ಮಾಡಿಸ್ತೀನಿ" ಎಂದು ಮಗಳು ಪಟ್ಟು ಹಿಡಿದಳು. "ಅಪ್ಪಾ, ಈಗಿನಿಂದ ಸಂಜೆ ಕ್ಲಾಸಿನ ಗಂಟೆ ಹೊಡೆಯೋವರೆಗೂ ಯಾರು ಏನೇ ಅನ್ನಲಿ, ನೀನು 'ನಾನು ಒಪ್ಪೋದಿಲ್ಲ, ಯಾಕಂದ್ರೆ' ಅನ್ಬೇಕು. ಅಂದ ಮೇಲೆ ಒಂದು ಕಾರಣ ಕೊಡ್ಬೇಕು. ಗೊತ್ತಾಯ್ತಾ?"

"ಹೌದಮ್ಮ."

ಮಗಳು ಹಣೆ ಚಚ್ಚಿಕೊಂಡಳು. ಔಷಧಿ ಪೊಟ್ಟಣಗಳಿಗೆ ಹಾಕುವ ದಪ್ಪ ರಬ್ಬರ್ ಬ್ಯಾಂಡೊಂದನ್ನು ಚೀಲದಿಂದ ತೆಗೆದು ಅವನ ಮಣಿಕಟ್ಟಿಗೆ ಹಾಕಿ, ಎಳೆದು ಬಿಟ್ಟಳು. ಚಟ್ ಎಂದಿತು.

"ಅಮ್ಮಾ!" ಎಂದು ಚೀರಿದ.

"ಹೌದು ಅಂತ ಬಾಯಿಗೆ ಬಂದಾಗೆಲ್ಲ ನೀನೇ ಹೀಗೆ ಎಳೆದು ಬಿಟ್ಕೋ. ಈಗ ನೋಡೋಣ. ಅಪ್ಪಾ, ನಿನ್ನ ಕೂದಲು ಉದುರಿದೆ."

"ಹೌ..." ಚಟ್. "ಒಪ್ಪೋದಿಲ್ಲಮ್ಮ. ಯಾಕಂದ್ರೆ... ಯಾಕಂದ್ರೆ ಹಣೆ ಬೆಳೆದಿದೆ."

ತಾಯಿ ಮಗಳು ಇಬ್ಬರೂ ಚಪ್ಪಾಳೆ ತಟ್ಟಿದರು. ಹೌದಪ್ಪನ ಬೆನ್ನು ತುಸು ನೆಟ್ಟಗಾಯಿತು. ಆ ಉಮೇದಿನಲ್ಲೇ ಬಾಗಿಲು ದಾಟಿದ.

ಅವನ ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ. ಮೇಲಿನಿಂದ ಇಳಿದು ಬಂದ ಲಿಫ್ಟಿನೊಳಗೆ ಕೊನೆಯ ಮಹಡಿಯ ಹೊಲಿಗೆ ಅಕ್ಕ ಬಟ್ಟೆಯ ಗಂಟುಗಳ ನಡುವೆ ಕತ್ತು ಮಾತ್ರ ಕಾಣುವಂತೆ ನಿಂತಿದ್ದಳು. ಅವನು ಹೇಗೋ ನುಸುಳಿಕೊಂಡ. ಒಂದು ಮಹಡಿ ಇಳಿಯುವಷ್ಟರಲ್ಲಿ ಲಿಫ್ಟು ಮತ್ತೆ ನಿಂತಿತು. ಬಾಗಿಲಲ್ಲಿ ಮೊದಲ ಮಹಡಿಯ ನಿವೃತ್ತ ಹೆಡ್‌ಮಾಸ್ತರರು, ಕೈಯಲ್ಲಿ ಮಡಿಸಿದ ಪತ್ರಿಕೆ. ಆ ಕಟ್ಟಡದಲ್ಲಿ ಇದು ದಿನಾ ಬೆಳಗಿನ ಜಗಳ. ಮೊದಲ ಮಹಡಿಯವರು ಲಿಫ್ಟು ಹತ್ತಬಾರದು ಎಂದು ಅಕ್ಕನ ವಾದ, ಕಟ್ಟಡದಲ್ಲಿರುವ ಎಲ್ಲರಿಗೂ ಲಿಫ್ಟು ಒಂದೇ ಎಂದು ಮಾಸ್ತರರ ವಾದ. ಇಬ್ಬರ ನಡುವೆ ನಿಂತು ಇಬ್ಬರಿಗೂ ತಲೆಯಾಡಿಸುವುದು ಹೌದಪ್ಪನ ಪಾಲಿಗೆ ಬಂದ ಕೆಲಸ.

"ಇಷ್ಟು ದೂರ ಇಳಿಯೋಕೂ ಲಿಫ್ಟು ಬೇಕಾ ಮಾಸ್ಟ್ರೇ?" ಎಂದು ಅಕ್ಕ ಶುರುಮಾಡಿದಳು.

"ನನ್ನ ಮೊಣಕಾಲು ನಿಮಗೇನಮ್ಮ ಗೊತ್ತು? ಇದು ಎಲ್ಲರ ಹಕ್ಕು. ಏನ್ರೀ, ನಾನು ಹೇಳೋದು ಸರಿ ತಾನೇ?"

ಚಟ್. "ಒಪ್ಪೋದಿಲ್ಲ ಸಾರ್."

ಮಾಸ್ತರರ ಕೈಯಿಂದ ಪತ್ರಿಕೆ ಜಾರಿತು. ಅಕ್ಕನ ಮುಖ ಗಂಟಿನ ಮೇಲೆ ಅರಳಿತು. "ನೋಡಿದ್ರಾ! ಅಣ್ಣ ನನ್ನ ಕಡೆ. ಕೆಳಗಿನವರು ಲಿಫ್ಟು ಹತ್ತಬಾರದು, ಅಲ್ವಾ ಅಣ್ಣಾ?"

ಚಟ್. "ಅದನ್ನೂ ಒಪ್ಪೋದಿಲ್ಲಕ್ಕ."

ಅಕ್ಕನ ಅರಳಿದ ಮುಖ ಮುದುಡಿತು. ಆಮೇಲೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಮಾಸ್ತರರೂ ಅಕ್ಕನೂ ಒಂದೇ ದನಿಯಲ್ಲಿ ಕೇಳಿದರು: "ಹಾಗಾದ್ರೆ ನಿಮ್ಮ ಮಾತೇನು?"

ಅದೇ ತಾನೇ ಅವನಿಗೂ ಬೇಕಾಗಿದ್ದದ್ದು. "ಯಾಕಂದ್ರೆ..." ಎಂದು ಶುರುಮಾಡಿದ. ಕಾರಣ ಬರಲಿಲ್ಲ. ಲಿಫ್ಟಿನ ಬಾಗಿಲು ತೆರೆಯಿತು.

"ಇಷ್ಟು ದಿನ ನಮ್ಮಿಬ್ಬರನ್ನೂ ಆಟ ಆಡಿಸ್ತಿದ್ರಿ ಅನ್ನಿ" ಎಂದರು ಮಾಸ್ತರರು ಪತ್ರಿಕೆ ಎತ್ತಿಕೊಳ್ಳುತ್ತ.

"ನಿಮ್ಮ ಪ್ಯಾಂಟು ಸಂಜೆಗೆ ಮುಗಿಸಿ ಕೊಡೋಣ ಅಂತಿದ್ದೆ" ಎಂದಳು ಅಕ್ಕ.

ಬಾಯಿಗೆ ಅಭ್ಯಾಸ ಅಂಟಿಬಿಟ್ಟಿತ್ತು. "ಒಪ್ಪೋದಿಲ್ಲಕ್ಕ."

"ಹಾಗೋ? ತಗೊಳ್ಳಿ ಹಾಗಾದ್ರೆ!" ಗಂಟಿನೊಳಗೆ ಕೈಹಾಕಿ ಅವನ ಪ್ಯಾಂಟನ್ನು ಎಳೆದು ಅವನ ಹೆಗಲ ಮೇಲೆ ಎಸೆದಳು. ಉದ್ದ ಕಡಿಮೆ ಮಾಡಲು ಕೊಟ್ಟದ್ದು. ಒಂದು ಕಾಲು ಕತ್ತರಿಸಿ ಮಡಿಚಿ ಹೊಲಿದಾಗಿತ್ತು, ಇನ್ನೊಂದು ಹಾಗೇ ಇತ್ತು. ಅದನ್ನು ಚೀಲಕ್ಕೆ ತುರುಕಿಕೊಂಡು ಹೌದಪ್ಪ ಬೀದಿಗೆ ಬಿದ್ದ.

ಕಚೇರಿಯಲ್ಲಿ ಕೌಂಟರಿನ ಮುಂದೆ ಆಗಲೇ ಸಾಲು ನಿಂತಿತ್ತು. ಮೊದಲು ಬಂದವನು ಚೀಟಿಯನ್ನಲ್ಲ, ಒಂದು ಬಾಟಲಿಯನ್ನು ಕೌಂಟರಿನ ಮೇಲೆ ಕುಟ್ಟಿ ಇಟ್ಟ. ಒಳಗೆ ಕಂದು ಬಣ್ಣದ ನೀರು.

"ಇದು ನಮ್ಮ ನಲ್ಲೀಲಿ ಬಂದ ನೀರು. ಇದನ್ನ ನೀರು ಅಂತಾರಾ? ನೀವೇ ಹೇಳಿ. ಇದು ಕೆಸರು ತಾನೇ?"

ಪಕ್ಕದ ಮೇಜಿನ ಟೈಪಿಸ್ಟ್ ತಲೆಯೆತ್ತದೆ ತನ್ನ ಕೆಲಸ ಮಾಡುತ್ತಿದ್ದಳು. ಮುಂದಿನ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು.

ಚಟ್. "ನಾನು ಒಪ್ಪೋದಿಲ್ಲ ಸಾರ್."

ಟೈಪಿಂಗಿನ ಸದ್ದು ನಿಂತಿತು.

"ಏನಂದ್ರಿ?"

"ಒಪ್ಪೋದಿಲ್ಲ. ಯಾಕಂದ್ರೆ..." ಹೌದಪ್ಪ ಬೆವರಿದ. ಕಾರಣ ಹೇಳಲೇಬೇಕೆಂದು ಮಗಳ ಅಪ್ಪಣೆ. "ಯಾಕಂದ್ರೆ ಕೆಸರಾದ್ರೆ ಬಾಟ್ಲೀಲಿ ಅಲ್ಲಾಡ್ತಿರಲಿಲ್ಲ. ಇದು ಅಲ್ಲಾಡ್ತಿದೆ."

ಸಾಲಿನ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬಾಟಲಿಯವನ ಕಿವಿ ಕೆಂಪಾಯಿತು. "ಹಾಗಾದ್ರೆ ಇದು ಒಳ್ಳೇ ನೀರು ಅನ್ನಿ!"

"ಅದನ್ನೂ ಒಪ್ಪೋದಿಲ್ಲ ಸಾರ್."

"ಕುಡೀರಿ! ಎಲ್ಲಿ, ನನ್ನ ಕಣ್ಣೆದುರಿಗೆ ಕುಡೀರಿ ನೋಡೋಣ!" ಎಂದು ಅವನು ಮುಚ್ಚಳ ತಿರುಗಿಸಿ ಬಾಟಲಿಯನ್ನು ಮುಂದೆ ಚಾಚಿದ. ಹೌದಪ್ಪ ಹಿಂದಕ್ಕೆ ತಳ್ಳಿದ. ಅವನು ಮುಂದಕ್ಕೆ ತಳ್ಳಿದ. ಸಾಲಿನವರು ಒಂದೊಂದು ಕೈ ಸೇರಿಸಿದರು. ಕೆಸರೋ ನೀರೋ ಎಂಬ ಪ್ರಶ್ನೆ ಹೌದಪ್ಪನ ಪ್ಯಾಂಟಿನ ಮೇಲೆ ಸೊಂಟದಿಂದ ಮೊಣಕಾಲಿನವರೆಗೆ ಇಳಿದು ಇತ್ಯರ್ಥವಾಯಿತು. ಕೆಸರೇ.

ಸಾಹೇಬರು ಓಡಿಬಂದರು. ಬಾಟಲಿಯವನನ್ನು ತಮ್ಮ ಕೋಣೆಗೆ ಕರೆದೊಯ್ದು ಕೂರಿಸಿ, ಚಹಾ ತರಿಸಿ, ತಾವೇ "ಹೌದು ಸಾರ್, ನೀವು ಹೇಳೋದು ಸರಿ" ಎಂದು ಸಮಾಧಾನ ಮಾಡಿ ಕಳಿಸಿದರು. ಆಮೇಲೆ ಹೌದಪ್ಪನನ್ನು ಕರೆಸಿದರು.

"ಏನ್ರೀ ಇದು? ನಿಮ್ಮನ್ನ ನಂಬಿ ನಾನು ನೆಮ್ಮದಿಯಾಗಿದ್ದೆ. ಹುಷಾರಿಲ್ವಾ?"

"ಒಪ್ಪೋದಿಲ್ಲ ಸಾರ್. ಯಾಕಂದ್ರೆ ಜ್ವರ ಇಲ್ಲ."

"ತಲೆ ಕೆಟ್ಟಿದೆಯಾ?"

"ಅದನ್ನೂ..." ಚಟ್. "ಒಪ್ಪೋದಿಲ್ಲ ಸಾರ್."

ಸಾಹೇಬರು ಅವನ ಕೆಂಪಗಾದ ಮಣಿಕಟ್ಟನ್ನೂ ಒದ್ದೆಯಾದ ಪ್ಯಾಂಟನ್ನೂ ನೋಡಿದರು. ಇಂಥವನನ್ನು ಜನರ ಕಣ್ಣಿಗೆ ಬೀಳಲು ಬಿಡುವುದು ಕಚೇರಿಗೆ ಕ್ಷೇಮವಲ್ಲ ಎಂದು ಅವರಿಗೆ ಹೊಳೆಯಿತು. "ಹಳೇ ಕಡತಗಳ ಕೋಣೆಗೆ ಹೋಗಿ ಕೂತ್ಕೊಳ್ಳಿ. ಸಂಜೆವರೆಗೂ ಹೊರಗೆ ಬರಬೇಡಿ" ಎಂದರು. ಇದನ್ನು ಒಪ್ಪುವುದಿಲ್ಲ ಎನ್ನುವಷ್ಟರಲ್ಲಿ ಟೈಪಿಸ್ಟ್ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಕಡತಗಳ ಕೋಣೆಯಲ್ಲಿ ಧೂಳು, ಒಂದು ಮುರುಕು ಕುರ್ಚಿ, ಒಂದು ಕಿಟಕಿ. ಅವನು ಒದ್ದೆ ಪ್ಯಾಂಟು ಬಿಚ್ಚಿ ಕಿಟಕಿಗೆ ಹಾಕಿ, ಚೀಲದಲ್ಲಿದ್ದ ಪ್ಯಾಂಟನ್ನು ಏರಿಸಿದ. ಎಡಗಾಲು ಪಾದದ ಮೇಲೆ ಅಚ್ಚುಕಟ್ಟಾಗಿ ನಿಂತಿತು. ಬಲಗಾಲು ಚಪ್ಪಲಿಯನ್ನೂ ನುಂಗಿ ನೆಲದ ಮೇಲೆ ಹರಡಿಕೊಂಡಿತು.

ಆದರೆ ಎಷ್ಟೋ ವರ್ಷಗಳ ಮೇಲೆ ಅವನ ಎದುರಿಗೆ ಯಾರೂ ಇರಲಿಲ್ಲ. ಹೌದು ಎನ್ನಲೂ ಜನವಿಲ್ಲ, ಇಲ್ಲ ಎನ್ನಲೂ ಜನವಿಲ್ಲ. ಬಿಳಿ ಹಾಳೆಯೊಂದನ್ನು ಮುಂದಿಟ್ಟುಕೊಂಡು ಕೂತ. ನಿಮ್ಮ ಮಾತೇನು ಎಂದು ಮಾಸ್ತರರೂ ಅಕ್ಕನೂ ಕೇಳಿದ್ದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಆಗ ಲಿಫ್ಟು ಕೆಟ್ಟು ನಿಂತಿದ್ದ ಒಂದು ದಿನ ನೆನಪಾಯಿತು. ಅಂದು ಅಕ್ಕ ಗಂಟುಗಳನ್ನು ಹೊತ್ತು ಮೆಟ್ಟಿಲೇರುತ್ತ ಏದುಸಿರು ಬಿಡುತ್ತಿದ್ದಳು. ಬೈಯುತ್ತಲೇ ಮನೆಯಿಂದ ಹೊರಬಂದ ಮಾಸ್ತರರು, ಮೊಣಕಾಲನ್ನು ಮರೆತು, ಒಂದು ಗಂಟನ್ನು ತಾವು ಹಿಡಿದುಕೊಂಡು ಬಂದಿದ್ದರು. ಇಬ್ಬರೂ ದಣಿದು ಕೂತದ್ದು ಎರಡನೆಯ ಮಹಡಿಯ ಮೆಟ್ಟಿಲ ಮೇಲೆ, ಅವನ ಮನೆಯ ಬಾಗಿಲಲ್ಲೇ. ಹೆಂಡತಿ ಬಾಗಿಲು ತೆರೆದು ನೀರು ಕೊಟ್ಟಿದ್ದಳು. ಮೇಲಿನವರು, ಕೆಳಗಿನವರು ಒಬ್ಬೊಬ್ಬರಾಗಿ ಬಂದು ಕೂತು, ಹೊತ್ತು ಹೋದದ್ದೇ ಗೊತ್ತಾಗದಂತೆ ಮಾತಾಡಿದ್ದರು. ಮಾರನೆಯ ದಿನ ಲಿಫ್ಟು ರಿಪೇರಿಯಾಯಿತು. ಜಗಳವೂ ಮತ್ತೆ ಶುರುವಾಯಿತು.

ಹೌದಪ್ಪ ಪೆನ್ನು ತೆಗೆದು ಬರೆದ: "ನಮ್ಮ ಕಟ್ಟಡದ ಲಿಫ್ಟನ್ನು ವಾರಕ್ಕೊಂದು ದಿನ ಬೇಕೆಂದೇ ನಿಲ್ಲಿಸಬೇಕು, ಏಕೆಂದರೆ ಮೆಟ್ಟಿಲ ಮೇಲೆ ಮಾತ್ರ ನೆರೆಯವರು ನೆರೆಯವರಾಗುತ್ತಾರೆ."

ಓದಿ ನೋಡಿದ. ಇದನ್ನು ಒಪ್ಪದವರು ಅವನ ಕಟ್ಟಡದಲ್ಲೇ ಧಾರಾಳವಾಗಿ ಸಿಗುತ್ತಿದ್ದರು. ಮೇಲಾಗಿ ಅದು ಅವನ ಸ್ವಂತ ಮಾತು. ಅವನಿಗೆ ನಿಜಕ್ಕೂ ಸಂತೋಷವಾಯಿತು. ಧೂಳಿನ ಕೋಣೆಯಲ್ಲಿ ಒಬ್ಬನೇ ಎದ್ದು ನಿಂತು, ಬಲಗಾಲನ್ನು ಎಳೆಯುತ್ತ ಅತ್ತಿತ್ತ ಓಡಾಡಿದ.

ಕೆಸರಿನ ಪ್ಯಾಂಟು ಸಂಜೆಯಾದರೂ ಒಣಗಲಿಲ್ಲ. ತರಗತಿಯಲ್ಲಿ ಮೇಡಂ ಅವನ ಹೆಸರು ಕರೆದಾಗ ತರಗತಿಯವರು ಮೊದಲು ನೋಡಿದ್ದು ಕಾಲುಗಳನ್ನು. ನಗು ಎದ್ದಿತು. ಅವನು ನಗು ನಿಲ್ಲುವವರೆಗೆ ಕಾದು, ಗಟ್ಟಿ ದನಿಯಲ್ಲಿ ವಾಕ್ಯವನ್ನು ಓದಿದ.

ಮೇಡಂ ಹುಬ್ಬೇರಿಸಿದರು. "ಹೌದಾ?"

"ಹೌದು ಮೇಡಂ" ಎಂದ. ಈ ಸಲದ ಹೌದು ಬೇರೆಯಾಗಿತ್ತು. ಮೇಡಂ ಕುರ್ಚಿಯಲ್ಲಿ ಸರಿಯಾಗಿ ಕೂತರು.

"ವಯಸ್ಸಾದವರ ಗತಿ ಏನು? ಅವರನ್ನ ಮೆಟ್ಟಿಲು ಹತ್ತಿಸೋದು ಕ್ರೂರತನ ಅಲ್ವಾ?"

ಚಟ್. "ಒಪ್ಪೋದಿಲ್ಲ ಮೇಡಂ. ಯಾಕಂದ್ರೆ ಲಿಫ್ಟಲ್ಲಿ ಅವರು ಒಬ್ಬರೇ ಹೋಗ್ತಾರೆ. ಮೆಟ್ಟಿಲಲ್ಲಿ ಅವರ ಕೈ ಹಿಡಿಯೋಕೆ ಒಬ್ಬರು ಬರ್ತಾರೆ. ತೀರಾ ಆಗದೇ ಇರೋರಿಗೆ ಅಂತ ಕೀಲಿ ಒಬ್ಬರ ಹತ್ರ ಇಟ್ರಾಯ್ತು."

"ಜನಕ್ಕೆ ಕೆಲಸಕ್ಕೆ ಹೊತ್ತಾಗುತ್ತೆ. ಅವರ ಸಮಯಕ್ಕೆ ಬೆಲೆ ಇಲ್ವಾ?"

"ಒಪ್ಪೋದಿಲ್ಲ ಮೇಡಂ. ಯಾಕಂದ್ರೆ ನಮ್ಮ ಕಟ್ಟಡದಲ್ಲಿ ಲಿಫ್ಟಿನ ಮುಂದೆ ಜಗಳಕ್ಕೆ ಆಗೋ ಹೊತ್ತಲ್ಲಿ ಮೇಲಿನಿಂದ ಕೆಳಗೆ ಇಳಿದು, ಮತ್ತೆ ಹತ್ತಬಹುದು."

ತರಗತಿಯಲ್ಲಿ ಮತ್ತೆ ನಗು. ಈ ಸಲ ಅವನ ಪರವಾಗಿ. ಬ್ಯಾಂಕಿನ ಕಾವಲುಗಾರ ಬೆಂಚು ಗುದ್ದಿದ. ಮೇಡಂ ಕೇಳುತ್ತ ಹೋದರು, ಅವನು ಚಟ್ ಚಟ್ ಎನ್ನಿಸಿಕೊಂಡು ಉತ್ತರಿಸುತ್ತ ಹೋದ. ಒಂದು ಸಲವೂ ಬಗ್ಗಲಿಲ್ಲ. ಕೊನೆಗೆ ಮೇಡಂ ಪೆನ್ನು ಕೆಳಗಿಟ್ಟು ನಕ್ಕರು.

"ಭೇಷ್! ಇಂಥ ಗಟ್ಟಿ ವಾಕ್ಯ ಈ ವರ್ಷ ಯಾರೂ ಬರೆದಿಲ್ಲ. ನೀವು ಪಾಸು."

ಗಂಟೆ ಇನ್ನೂ ಹೊಡೆದಿರಲಿಲ್ಲ.

ಹೌದಪ್ಪನ ಬಾಯಲ್ಲಿ "ಹೌದು ಮೇಡಂ, ಥ್ಯಾಂಕ್ಸ್ ಮೇಡಂ" ಹೊರಟು ತುದಿನಾಲಿಗೆಗೆ ಬಂದಾಗಿತ್ತು. ಅಷ್ಟರಲ್ಲಿ ಕಾವಲುಗಾರನ ಮೇಲೆ ಕಣ್ಣುಬಿತ್ತು. ಅಂದೂ ಮೇಡಂ ಹೀಗೇ ನಕ್ಕಿದ್ದರು, ಹೀಗೇ ಹೊಗಳಿದ್ದರು. ಸಿಹಿಯಾಗಿ ಹೇಳಲಿ, ಖಾರವಾಗಿ ಹೇಳಲಿ, ಗಂಟೆ ಹೊಡೆಯುವವರೆಗೂ ಬಗ್ಗಬಾರದು. ಸಿಕ್ಕಿಬೀಳುವುದರಲ್ಲಿದ್ದೆನಲ್ಲ ಎಂದುಕೊಂಡ.

ಚಟ್. "ನಾನು ಒಪ್ಪೋದಿಲ್ಲ ಮೇಡಂ."

"ಏನನ್ನ?"

"ಈ ವಾಕ್ಯ ಗಟ್ಟಿ ಅನ್ನೋದನ್ನ."

ಮೇಡಂಗೆ ಮೊದಲು ತಮಾಷೆ ಅನ್ನಿಸಿತು. "ಯಾಕೆ ಗಟ್ಟಿ ಅಲ್ಲ? ಮೆಟ್ಟಿಲ ಮೇಲೆ ಎಲ್ಲರೂ ಸೇರಿದ್ದನ್ನ ನೀವೇ ಕಂಡಿದ್ದೀರಿ ಅಂದ್ರಿ."

"ಕಂಡಿದ್ದೀನಿ ಮೇಡಂ. ಆದ್ರೆ ಅವರು ಸೇರಿದ್ದು ಲಿಫ್ಟು ನಿಂತಿದ್ದಕ್ಕಲ್ಲ. ನನ್ನ ಹೆಂಡತಿ ಬಾಗಿಲು ತೆಗೆದು ನೀರು ಕೊಟ್ಟಿದ್ದಕ್ಕೆ. ಬಾಗಿಲು ಮುಚ್ಚಿದ್ರೆ ಲಿಫ್ಟನ್ನ ಬೈಕೊಂಡು ಅವರವರ ಮನೆಗೆ ಹೋಗ್ತಿದ್ರು."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇದು ನಿಜವಾಗಿತ್ತು.

"ಆದ್ರೂ ಮೆಟ್ಟಿಲು ಹತ್ತದೇ ಇದ್ರೆ ಅವರು ನಿಮ್ಮ ಬಾಗಿಲಿಗೆ ಬರ್ತಿರಲಿಲ್ವಲ್ಲ?" ಮೇಡಂ ಈಗ ಅವನ ವಾಕ್ಯವನ್ನು ಉಳಿಸಲು ಟೊಂಕ ಕಟ್ಟಿದ್ದರು.

"ಒಪ್ಪೋದಿಲ್ಲ ಮೇಡಂ. ಯಾಕಂದ್ರೆ ಬೀದಿ ಕೊನೇಲಿ ಲಿಫ್ಟೇ ಇಲ್ಲದ ಕಟ್ಟಡ ಇದೆ. ದಿನಾ ಎಲ್ಲರೂ ಮೆಟ್ಟಿಲೇ ಹತ್ತೋದು. ಒಬ್ಬರ ಮುಖ ಒಬ್ಬರು ನೋಡಲ್ಲ. ಅಲ್ಲಿಂದ ನಮ್ಮ ಕೌಂಟರಿಗೆ ಒಬ್ಬರ ಮೇಲೊಬ್ಬರು ದೂರು ತರ್ತಾರೆ."

"ವಾರಕ್ಕೊಂದೇ ದಿನ ಆದ್ರೆ?"

"ಆ ದಿನ ಯಾವುದು ಅಂತ ಗೊತ್ತಿದ್ರೆ ಎಲ್ಲರೂ ಮೊದಲೇ ಸಾಮಾನು ತಂದಿಟ್ಕೊಂಡು ಒಳಗೇ ಕೂರ್ತಾರೆ ಮೇಡಂ. ಯಾರೂ ಹತ್ತಲ್ಲ, ಯಾರೂ ಸೇರಲ್ಲ. ಈ ವಾಕ್ಯಕ್ಕೆ ಬುಡವೇ ಇಲ್ಲ."

ಅವನು ಎಂದೂ ಹೀಗೆ ಮಾತಾಡಿರಲಿಲ್ಲ. ಮಾತು ತಾನೇ ತಾನಾಗಿ ಬರುತ್ತಿತ್ತು, ಕಾರಣಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತಿದ್ದವು. ಮೇಡಂ ಒಂದೊಂದಾಗಿ ಎಲ್ಲ ದಾರಿ ಹುಡುಕಿದರು. ಒಂದೊಂದನ್ನೂ ಅವನು ಮುಚ್ಚಿದ. ಈ ನಡುವೆ ಜೋರಾಗಿ ಎಳೆದ ಒಂದು ಏಟಿಗೆ ರಬ್ಬರ್ ಬ್ಯಾಂಡು ತುಂಡಾಗಿ ಹಾರಿ ಕಾವಲುಗಾರನ ಮೀಸೆಗೆ ತಗಲಿತು. ಅದೇ ಗಳಿಗೆಗೆ ಗಂಟೆ ಹೊಡೆಯಿತು.

ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೌದಪ್ಪ ಬಲಗಾಲಿನ ಬಟ್ಟೆಯನ್ನು ಎತ್ತಿ ಹಿಡಿದು ಬಗ್ಗಿ ನಮಸ್ಕರಿಸಿದ. ಮಗಳಿಗೆ ಹೇಗೆ ಹೇಳಬೇಕು, ಎಲ್ಲಿಂದ ಶುರುಮಾಡಬೇಕು ಎಂದು ಆಗಲೇ ಯೋಚಿಸುತ್ತಿದ್ದ.

ಚಪ್ಪಾಳೆ ನಿಲ್ಲಲಿ ಎಂದು ಮೇಡಂ ಕಾದರು. ಆಮೇಲೆ ಅವನ ಹಾಳೆಯನ್ನು ಎಳೆದುಕೊಂಡು, ಕೆಂಪು ಪೆನ್ನು ತೆಗೆದು, ವಾಕ್ಯದ ಮೇಲೆ ಈ ತುದಿಯಿಂದ ಆ ತುದಿಗೆ ಗೀಟೆಳೆದರು.

"ನೀವೇ ಗೆದ್ರಿ. ನನ್ನ ಕೈಲಿ ಆಗಲಿಲ್ಲ" ಎಂದರು. "ಇದು ಟೊಳ್ಳು ವಾಕ್ಯ ಅಂತ ನನಗೂ ಮನವರಿಕೆ ಆಯ್ತು."

"ಮೇಡಂ?"

"ನಾನು ಪಾಸು ಅಂದಿದ್ದು ನಿಜವಾಗ್ಲೂ ಪಾಸು ಅಂತಲೇ. ನೀವು ಬಿಡಲಿಲ್ಲ. ವಾಕ್ಯಕ್ಕೆ ಬುಡವೇ ಇಲ್ಲ ಅಂತ ಬರೆದವರೇ ಇಷ್ಟು ಜನರ ಮುಂದೆ ಸಾಬೀತು ಮಾಡಿದ ಮೇಲೆ ನಾನು ಯಾವ ಬಾಯಲ್ಲಿ ಪಾಸು ಮಾಡಲಿ? ಇವತ್ತೇ ಕೊನೇ ದಿನ ಬೇರೆ." ಮೇಡಂಗೂ ಬೇಜಾರಾಗಿತ್ತು, ಅವರ ದನಿಯಲ್ಲಿ ಅದು ಗೊತ್ತಾಗುತ್ತಿತ್ತು. ಅದಕ್ಕೇ ಕೊನೆಯದಾಗಿ ಒಂದು ದಾರಿ ತೋರಿಸಿದರು. "ಈಗಲೂ ನಿಮಗೆ ನನ್ನ ತೀರ್ಮಾನ ಒಪ್ಪಿಗೆ ಇಲ್ಲ ಅಂದ್ರೆ ಒಂದು ಮಾತು ಹೇಳಿ ಸಾಕು. ಪ್ರಿನ್ಸಿಪಾಲರ ಹತ್ರ ಹೋಗಿ ಇನ್ನೊಂದು ಅವಕಾಶ ಕೇಳೋಣ. ನಾನು ಮಾಡಿದ್ದು ಸರಿ ಅಂತೀರಾ?"

ಹೌದಪ್ಪನ ಕೈ ಮಣಿಕಟ್ಟನ್ನು ತಡವಿತು. ಅಲ್ಲಿ ಏನೂ ಇರಲಿಲ್ಲ. ಗಂಟೆಯೂ ಹೊಡೆದಾಗಿತ್ತು.

"ಹೌದು ಮೇಡಂ" ಎಂದ. "ನೀವು ಹೇಳೋದು ಸರಿ."

ಮನೆಗೆ ಬಂದಾಗ ಲಿಫ್ಟಿನ ಬಾಗಿಲಿಗೆ ಕೆಟ್ಟಿದೆ ಎಂಬ ಚೀಟಿ ಅಂಟಿಸಿತ್ತು. ಪ್ಯಾಂಟಿನ ಬಲಗಾಲನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲೇರಿದ. ಎರಡನೆಯ ಮಹಡಿಯಲ್ಲಿ ಅವನ ಮನೆಯ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಅಕ್ಕ, ಗಂಟುಗಳ ಪಕ್ಕ ಮಾಸ್ತರರು, ಇಬ್ಬರ ಕೈಯಲ್ಲೂ ನೀರಿನ ಲೋಟ. ಬೆಳಿಗ್ಗೆ ಲಿಫ್ಟಿನಲ್ಲಿ ಆದದ್ದನ್ನು ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ಅವನ ಹೆಂಡತಿಗೆ ವರದಿ ಮಾಡುತ್ತಿದ್ದರು. ಇಬ್ಬರಿಗೂ ಅವನ ಮೇಲೆ ಸಮನಾದ ಸಿಟ್ಟು. ಆ ಸಿಟ್ಟಿನಲ್ಲಿ ಎಷ್ಟು ಒಗ್ಗಟ್ಟಾಗಿದ್ದರೆಂದರೆ ಅಕ್ಕನ ಗಂಟೊಂದು ಮಾಸ್ತರರ ತೊಡೆಯ ಮೇಲಿತ್ತು.

"ಲಿಫ್ಟು ವಾರಕ್ಕೊಂದು ಸಲ ಹೀಗೆ ಕೆಡೋದೇ ಒಳ್ಳೇದು ನೋಡಿ" ಎನ್ನುತ್ತಿದ್ದರು ಮಾಸ್ತರರು. "ಇಲ್ಲಾಂದ್ರೆ ನಾವು ಹೀಗೆ ಕೂತು ಮಾತಾಡ್ತಿದ್ವಾ?"

"ಸತ್ಯವಾದ ಮಾತು" ಎಂದಳು ಅಕ್ಕ.

"ಹೌದೌದು" ಎಂದಳು ಹೆಂಡತಿಯೂ. ಆಮೇಲೆ ಎಲ್ಲರೂ ಅವನತ್ತ ತಿರುಗಿದರು. "ಏನ್ರೀ, ಇದನ್ನಾದ್ರೂ ಒಪ್ತೀರೋ ಇಲ್ವೋ?" ಎಂದರು ಮಾಸ್ತರರು.

ಅವನು ಬರೀ ತಲೆಯಾಡಿಸಿ, ಪ್ಯಾಂಟಿನ ಕಾಲನ್ನು ಕೈಬಿಟ್ಟು ಮೆಟ್ಟಿಲ ಮೇಲೆ ಕೂತ. ಬಾಗಿಲ ಹಿಂದಿನಿಂದ ಮಗಳು ಬಂದು ಅವನ ಮುಖ ನೋಡಿದಳು, ಖಾಲಿ ಮಣಿಕಟ್ಟು ನೋಡಿದಳು. ಕೇಳಬೇಕಾದ್ದೇನೂ ಉಳಿಯಲಿಲ್ಲ. ಅವನ ಪಕ್ಕ ತಾನೂ ಕೂತು, ನೆಲಕ್ಕೆ ಹರಡಿದ್ದ ಪ್ಯಾಂಟಿನ ಕಾಲನ್ನು ಮೆಲ್ಲಗೆ ಮಡಿಚತೊಡಗಿದಳು.

"ಅಪ್ಪಾ" ಎಂದಳು ಮಡಿಚುತ್ತಲೇ. "ಮುಂದಿನ ವರ್ಷ ಕಿಟಕಿ ಪಕ್ಕದ ಜಾಗ ನಂದು."

"ಹೌದಮ್ಮ" ಎಂದ.